ಗಾಯ ಒಣಗಿದ ಮೇಲೆ ಮಣ್ಣು: ಕಳ್ಳಿ ಬೆಳೆಸಿದ ನನ್ನ ಅನುಭವ

ನನ್ನ ಕಿಟಕಿಯ ಹಲಗೆಯ ಮೇಲೆ ಈಗ ಮೂವತ್ತಕ್ಕೂ ಹೆಚ್ಚು ಪುಟ್ಟ ಕುಂಡಗಳಿವೆ. ಎರಡು ಮೂರನ್ನು ಬಿಟ್ಟರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಆ ತಾಯಿಗಿಡ ಈಗಿಲ್ಲ. ಆರು ವರ್ಷದ ಹಿಂದೆ ಉಡುಗೊರೆಯಾಗಿ ಬಂದಿತ್ತು. ಹೆಬ್ಬೆರಳ ಗಾತ್ರದ ಏಳೆಂಟು ತಲೆಗಳು ಒತ್ತೊತ್ತಾಗಿ ಕೂತ ಗುಂಪು, ಮೈತುಂಬ ಬಿಳಿ ಕೂದಲಿನಂಥ ಮುಳ್ಳು, ನಡುನಡುವೆ ಹೊಂಬಣ್ಣದ ಗಟ್ಟಿ ಮುಳ್ಳು. ಹೆಸರು ಮ್ಯಾಮಿಲೇರಿಯಾ ಪ್ರೊಲಿಫೆರಾ ಎಂದು ತಿಳಿದದ್ದು ಆಮೇಲೆ. ಬಂದ ನಾಲ್ಕನೇ ತಿಂಗಳಿಗೆ ಅದನ್ನು ನಾನೇ ಕೊಂದೆ, ಅದೂ ಪ್ರೀತಿಯಿಂದಲೇ. ಎರಡು ದಿನಕ್ಕೊಮ್ಮೆ ತಪ್ಪದೆ ನೀರು ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಕುಂಡ ತಿರುಗಿಸಲು ಹೋದಾಗ ಗುಂಪಿನ ನಡುವಿನ ದೊಡ್ಡ ತಲೆ ಪಕ್ಕಕ್ಕೆ ವಾಲಿತು. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ, ಹಸಿರು ಹಸಿರಾಗಿಯೇ ಇದೆ. ಬುಡವನ್ನು ಬೆರಳಿನಿಂದ ಒತ್ತಿದರೆ ಮಾತ್ರ ಒಳಗೆ ಮೆತ್ತಗೆ ಇಳಿಯಿತು, ಹುಳಿತ ವಾಸನೆ ಬಂತು. ಗಿಡವನ್ನು ಮಣ್ಣಿನಿಂದ ಕಿತ್ತೆ. ಬೇರು ಅನ್ನುವುದು ಕಪ್ಪು ದಾರದಂತೆ ಜಾರಿ ಕೈಗೆ ಬಂತು. ಎಷ್ಟು ದಿನದಿಂದ ಬೇರಿಲ್ಲದೆಯೇ ನಿಂತಿತ್ತೋ. ಕಳ್ಳಿಯ ಕಷ್ಟವೇ ಇದು: ಬೇರೆ ಗಿಡವಾದರೆ ಎಲೆ ಬಾಡಿಸಿ ಹೇಳುತ್ತದೆ, ಇದು ಮೈಯಲ್ಲಿ ಕೂಡಿಟ್ಟ ನೀರನ್ನು ಉಣ್ಣುತ್ತಾ ವಾರಗಟ್ಟಲೆ ಚೆನ್ನಾಗಿರುವಂತೆಯೇ ಕಾಣುತ್ತದೆ.

ದೊಡ್ಡ ತಲೆಯನ್ನು ಉಳಿಸಲು ನೋಡಿದೆ. ಹರಿತವಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಬುಡದಿಂದ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಬಂದೆ. ಮೊದಲ ಬಿಲ್ಲೆ ಪೂರ್ತಿ ಕಂದು. ಎರಡನೆಯದರಲ್ಲಿ ಅಂಚು ಹಸಿರು, ನಡುವೆ ಕಂದು. ಮೂರನೆಯದು ಪೂರ್ತಿ ಹಸಿರಾಗಿ ಕಂಡಿತು, ನಿಲ್ಲಿಸಿಬಿಡೋಣ ಅನ್ನಿಸಿತು. ಬೆಳಕಿಗೆ ಹಿಡಿದಾಗ ನಡುವಿನ ನಾಳಗಳ ಉಂಗುರದಲ್ಲಿ ಕಿತ್ತಳೆ ಬಣ್ಣದ ಎರಡು ಚುಕ್ಕೆ ಕಂಡವು. ಆ ಚುಕ್ಕೆ ಒಂದು ಉಳಿದರೂ ಸಾಕು, ಕೊಳೆ ಅಲ್ಲಿಂದಲೇ ಮತ್ತೆ ಮೇಲೇರುತ್ತದೆ. ಪ್ರತಿ ಸಲವೂ ಚಾಕು ಒರೆಸಿ, ಇನ್ನೆರಡು ಬಿಲ್ಲೆ ತೆಗೆದೆ. ಕೊನೆಗೆ ತಿಳಿಹಸಿರು ತಿರುಳು, ನಡುವೆ ಶುಭ್ರವಾದ ಬಿಳಿ ಉಂಗುರ. ಉಳಿದದ್ದು 2 ಸೆಂಟಿಮೀಟರಿನಷ್ಟು ನೆತ್ತಿ, ಜೊತೆಗೆ ಕೊಳೆ ಮುಟ್ಟದ ಮೂರು ಮರಿ.

ಕತ್ತರಿಸಿದ ನೆತ್ತಿಯನ್ನು ತಕ್ಷಣ ಮಣ್ಣಿಗೆ ಊರಬೇಕು, ನೀರು ಕೊಡಬೇಕು ಎಂದೇ ಕೈ ಹೋಗುತ್ತದೆ. ಅದನ್ನೇ ಮಾಡಬಾರದು. ಹಸಿ ಗಾಯ ಹಸಿ ಮಣ್ಣನ್ನು ಮುಟ್ಟಿದರೆ ಬೂಷ್ಟಿಗೆ ನಾವೇ ಬಾಗಿಲು ತೆಗೆದುಕೊಟ್ಟ ಹಾಗೆ. ಒಂದು ಖಾಲಿ ಲೋಟದ ಬಾಯಿಯ ಮೇಲೆ ನೆತ್ತಿಯನ್ನು ನೆಟ್ಟಗೆ ಕೂರಿಸಿದೆ, ಗಾಯಕ್ಕೆ ಏನೂ ತಾಗದಂತೆ, ಕೆಳಗಿನಿಂದಲೂ ಗಾಳಿಯಾಡುವಂತೆ. ಮಲಗಿಸಿಟ್ಟರೆ ಬೆಳಕಿನ ಕಡೆಗೆ ಬಾಗುತ್ತದೆ, ಆಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗ. ಅಷ್ಟೇ.

ಬೇರಿಲ್ಲದೆ, ನೀರಿಲ್ಲದೆ ಅದು ಹೇಗೆ ಬದುಕುತ್ತದೆ ಎಂಬುದು ತಿಳಿದ ಮೇಲೆ ನನಗೆ ಕಾಯುವ ಧೈರ್ಯ ಬಂತು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗಲೇ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿ ತನ್ನ ರಂಧ್ರಗಳನ್ನು ತೆರೆಯುವುದು ತಂಪಾದ ರಾತ್ರಿಯಲ್ಲಿ. ಆಗ ಎಳೆದುಕೊಂಡ ಇಂಗಾಲದ ಡೈ ಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲು ಬಾಗಿಲು ಮುಚ್ಚಿಕೊಂಡೇ ಅದರಿಂದ ಆಹಾರ ಮಾಡಿಕೊಳ್ಳುತ್ತದೆ. ಎಲೆಗಳೂ ಇಲ್ಲ, ಅವೇ ಮುಳ್ಳಾಗಿವೆ. ಹಾಗಾಗಿ ತುಂಡಾದ ತಲೆ ತಿಂಗಳುಗಟ್ಟಲೆ ಒಣಗದೆ ಇರಬಲ್ಲದು.

ಐದನೇ ದಿನಕ್ಕೆ ಗಾಯ ಒಳಕ್ಕೆ ಸ್ವಲ್ಪ ಬಟ್ಟಲಿನಂತೆ ಕುಗ್ಗಿ, ಹಕ್ಕಳೆ ಕಟ್ಟಿತು. ಮುಟ್ಟಿದರೆ ಒಣ ತೊಗಲಿನ ಹಾಗೆ. ಹದಿನೆಂಟನೇ ದಿನ ಲೋಟವನ್ನು ಎತ್ತಿ ಕೆಳಗಿನಿಂದ ನೋಡಿದಾಗ ಆ ಬಿಳಿ ಉಂಗುರದ ಅಂಚಿನಲ್ಲಿ ಗುಲಾಬಿ ಛಾಯೆಯ ಎರಡು ಮೊನೆ, ಸಾಸಿವೆ ಕಾಳಿಗಿಂತ ಚಿಕ್ಕವು. ಬೇರು! ಮಣ್ಣಿನ ಗಂಧವೇ ಇಲ್ಲದ ಗಾಳಿಯಲ್ಲಿ ನೀರು ಹುಡುಕಿಕೊಂಡು ಹೊರಟಿದ್ದವು. ಆವತ್ತಿನ ಸಂತೋಷ ಇನ್ನೂ ಹಾಗೇ ನೆನಪಿದೆ. ಅಂದಿನಿಂದ ಕಳ್ಳಿಯ ಯಾವ ತುಂಡಿಗೂ ಅವಸರ ಮಾಡಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಕನ್ನಡದಲ್ಲಿ ದಪ್ಪ ಕಾಂಡದ ಮುಳ್ಳುಗಿಡಕ್ಕೆಲ್ಲ ನಾವು ಕಳ್ಳಿ ಅಂದುಬಿಡುತ್ತೇವೆ. ಪಾಪಸುಕಳ್ಳಿ ನಿಜವಾದ ಕ್ಯಾಕ್ಟಸ್. ಮುರಿದರೆ ಬಿಳಿ ಹಾಲು ಸುರಿಯುವ ಕಳ್ಳಿ ಮಾತ್ರ ಯೂಫೋರ್ಬಿಯಾ, ಅದರ ಕುಟುಂಬವೇ ಬೇರೆ. ಗುರುತಿಸುವುದು ಸುಲಭ: ಕ್ಯಾಕ್ಟಸ್‌ನಲ್ಲಿ ಮುಳ್ಳುಗಳೆಲ್ಲ ಹತ್ತಿಯ ಚುಕ್ಕೆಯಂಥ ಒಂದು ಜಾಗದಿಂದ ಗೊಂಚಲಾಗಿ ಹೊರಡುತ್ತವೆ, ಅದಕ್ಕೆ ಏರಿಯೋಲ್ ಎಂದು ಹೆಸರು. ಯೂಫೋರ್ಬಿಯಾದಲ್ಲಿ ಅದು ಇರುವುದಿಲ್ಲ. ಕ್ಯಾಕ್ಟಸ್ ಕುಟುಂಬ ಪೂರ್ತಿ ಅಮೆರಿಕ ಖಂಡಗಳದ್ದು. ರಿಪ್ಸಾಲಿಸ್ ಬಾಕ್ಸಿಫೆರಾ ಎಂಬ ಒಂದೇ ಜಾತಿ ಆಫ್ರಿಕಾ, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಇದನ್ನು ಹೇಳುವ ಕಾರಣ, ಹಾಲುಗಳ್ಳಿಯನ್ನು ಕತ್ತರಿಸುವಾಗ ಕೈಗವಸು ಬೇಕೇ ಬೇಕು, ಹಾಲು ಕಣ್ಣಿಗೆ ಸಿಡಿದರೆ ಅಪಾಯ. ನಾನು ಇಲ್ಲಿ ಬರೆಯುತ್ತಿರುವುದು ಹಾಲಿಲ್ಲದ ಕ್ಯಾಕ್ಟಸ್ ಬಗ್ಗೆ.

ಮ್ಯಾಮಿಲೇರಿಯಾ ಎಂಬ ಹೆಸರು ಕೊಟ್ಟದ್ದು ಇಂಗ್ಲೆಂಡಿನ ಸಸ್ಯತಜ್ಞ ಏಡ್ರಿಯನ್ ಹಾವರ್ತ್, 1812ರಲ್ಲಿ. ಲ್ಯಾಟಿನ್‌ನ ‘ಮ್ಯಾಮಿಲ್ಲಾ’, ಅಂದರೆ ಮೊಲೆತೊಟ್ಟು, ಎಂಬ ಪದದಿಂದ ಬಂದದ್ದು. ಮೈಮೇಲೆ ಏಣುಗಳಿಲ್ಲ, ತೊಟ್ಟಿನಂಥ ಉಬ್ಬುಗಳಿವೆ. ಅವು ಸುರುಳಿ ಸುತ್ತಿಕೊಂಡು ಏರುತ್ತವೆ. ನನ್ನ ಗಿಡದಲ್ಲಿ ಎಣಿಸಿದರೆ ಒಂದು ದಿಕ್ಕಿಗೆ 5 ಸುರುಳಿ, ಎದುರು ದಿಕ್ಕಿಗೆ 8. ಹೂವು ಬರುವುದು ಮುಳ್ಳಿರುವ ತುದಿಯಿಂದಲ್ಲ, ಎರಡು ಉಬ್ಬುಗಳ ನಡುವಿನ ಸಂದಿಯಿಂದ. ಅದಕ್ಕೇ ಅದು ನೆತ್ತಿಯ ಸುತ್ತ ಬಳೆಯ ಹಾಗೆ ಅರಳುತ್ತದೆ.

ಇನ್ನು ಮಣ್ಣು. ನನ್ನ ತಾಯಿಗಿಡ ಸತ್ತದ್ದು ನೀರಿನಿಂದ ಎನ್ನುವುದಕ್ಕಿಂತ ಮಣ್ಣಿನಿಂದ ಎನ್ನುವುದೇ ಹೆಚ್ಚು ಸರಿ. ಅದು ಬಂದದ್ದು ತೆಂಗಿನ ನಾರಿನ ಪುಡಿಯಂಥ ಮೆತ್ತನೆಯ ಮಿಶ್ರಣದಲ್ಲಿ. ಮೇಲೆ ಒಣಗಿದಂತೆ ಕಂಡರೂ ನಡುವೆ ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಆ ಗಾಳಿ ಇರುವುದು ಕಣಕಣಗಳ ನಡುವಿನ ಸಂದಿಯಲ್ಲಿ. ಈಗ ನಾನು ಮಾಡುವುದು ಹೀಗೆ: ಒಂದು ಪಾಲು ತೋಟದ ಮಣ್ಣು ಮತ್ತು ಜರಡಿ ಹಿಡಿದ ಹಳೆಯ ಎಲೆಗೊಬ್ಬರ ಸೇರಿ, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು. ಮರಳು, ಇಟ್ಟಿಗೆ ಎರಡೂ 2ರಿಂದ 4 ಮಿಲಿಮೀಟರ್ ಇರಬೇಕು. ಸಣ್ಣ ಪುಡಿಯನ್ನು ನೀರಿನಲ್ಲಿ ತೊಳೆದು ತೆಗೆದುಬಿಡಿ, ಅದೇ ಸಿಮೆಂಟಿನಂತೆ ಸಂದಿಗಳನ್ನು ಮುಚ್ಚುವುದು. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಪರ್ಲೈಟ್ ಅಥವಾ ಪ್ಯೂಮಿಸ್ ಎಂಬ, ತೂತುತೂತಾದ ಹಗುರ ಕಲ್ಲುಚೂರು ಸಿಕ್ಕರೆ ಇಟ್ಟಿಗೆ ಚೂರಿನ ಬದಲು ಅದನ್ನೇ ಹಾಕಬಹುದು. ಸರಿಯಾಯಿತೋ ಇಲ್ಲವೋ ನೋಡಲು ಕುಂಡ ತುಂಬಿ ನೀರು ಸುರಿಯಿರಿ. ಮೇಲೆ ನಿಲ್ಲದೆ ಕೂಡಲೇ ತಳದಿಂದ ಹೊರಬರಬೇಕು.

ತಳದಲ್ಲಿ ದಪ್ಪ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ. ಅದು ಸರಿಯಲ್ಲ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಗಡಿಯಲ್ಲೇ ತಡೆದು ನಿಂತು, ತೇವದ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಓಡಿನ ಚೂರೋ ಜಾಲರಿ ತುಂಡೋ ಸಾಕು. ಕುಂಡವೂ ಗಿಡಕ್ಕಿಂತ ಒಂದೆರಡು ಸೆಂಟಿಮೀಟರ್ ಅಗಲವಿದ್ದರೆ ಸಾಕು. ಬೆಳೆಯಲಿ ಎಂದು ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣಿನಲ್ಲಿ ನೀರು ಉಳಿದುಬಿಡುತ್ತದೆ.

ನೀರು ಯಾವಾಗ? ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಕುಂಡ, ಗಾಳಿ, ಬಿಸಿಲು ಎಲ್ಲಕ್ಕೂ ತಕ್ಕಂತೆ ಅದು ಬದಲಾಗುತ್ತದೆ. ನಾನು ಕಲಿತದ್ದು ತೂಕದಿಂದ. ಒಂದು 8 ಸೆಂಟಿಮೀಟರ್ ಕುಂಡ ಪೂರ್ತಿ ಒಣಗಿದಾಗ 190 ಗ್ರಾಂ ತೂಗುತ್ತಿತ್ತು, ನೀರುಂಡ ಮೇಲೆ 240. ಎರಡು ತಿಂಗಳು ಬರೆದಿಟ್ಟುಕೊಂಡು ನೋಡಿದೆ. ಮತ್ತೆ 190ಕ್ಕೆ ಇಳಿದ ಮೇಲೂ ಮೂರು ನಾಲ್ಕು ದಿನ ಬಿಟ್ಟು ನೀರು ಕೊಟ್ಟೆ. ಈಗ ತಕ್ಕಡಿ ಬೇಕಾಗಿಲ್ಲ, ಕುಂಡ ಎತ್ತಿದರೆ ಕೈಗೇ ಗೊತ್ತಾಗುತ್ತದೆ. ಕೊಡುವಾಗ ಮಾತ್ರ ಜಿಪುಣತನ ಬೇಡ. ತಳದಿಂದ ಹರಿದು ಬರುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಚಮಚೆಯಲ್ಲಿ ಹನಿಸಿದರೆ ಮೇಲಿನ ಬೇರು ಮಾತ್ರ ನೆನೆದು ಕೆಳಗಿನವು ಒಣಗಿ ಸಾಯುತ್ತವೆ. ಚಳಿಗಾಲದಲ್ಲಿ ಗಿಡ ಬೆಳೆಯುವುದು ನಿಂತಾಗ ನಾನು ನೀರನ್ನು ಹೆಚ್ಚುಕಡಿಮೆ ನಿಲ್ಲಿಸುತ್ತೇನೆ. ಮೈ ಸ್ವಲ್ಪ ಸುಕ್ಕಾಗುತ್ತದೆ, ಗಾಬರಿ ಬೇಡ. ಆ ತಂಪು, ಒಣ ವಿಶ್ರಾಂತಿ ಸಿಕ್ಕ ವರ್ಷವೇ ಹೂವು ತುಂಬಿ ಬಂದದ್ದು. ನೀರು ಗಡುಸಾಗಿದ್ದರೆ ಮುಳ್ಳಿನ ಬುಡದಲ್ಲಿ ಬಿಳಿ ಸುಣ್ಣ ಕೂರುತ್ತದೆ, ಹಿಡಿದಿಟ್ಟ ಮಳೆನೀರಾದರೆ ಆ ತೊಂದರೆಯಿಲ್ಲ. ಗೊಬ್ಬರದ ವಿಷಯ ಹೆಚ್ಚಿಲ್ಲ: ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಸಾರಜನಕ ಕಡಿಮೆ ಇರುವ ದ್ರವಗೊಬ್ಬರವನ್ನು ಹೇಳಿದ್ದಕ್ಕಿಂತ ಅರ್ಧ ತೆಳುವಾಗಿಸಿ ಕೊಡುತ್ತೇನೆ.

ಬೆಳಕು ಸಾಲದಿದ್ದರೆ ನೆತ್ತಿ ಸಪೂರವಾಗಿ, ಬಿಳಿಚಿಕೊಂಡು ಕಿಟಕಿಯ ಕಡೆಗೆ ಕತ್ತು ಚಾಚುತ್ತದೆ. ಆಮೇಲೆ ಎಷ್ಟೇ ಬಿಸಿಲು ಕೊಟ್ಟರೂ ಸಪೂರವಾದ ಕತ್ತು ಮತ್ತೆ ದಪ್ಪವಾಗುವುದಿಲ್ಲ. ಹಾಗೆಂದು ಒಳಗಿದ್ದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗೆ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಬಿಸಿಲಿನ ಕಡೆಯ ಮೈ ಬಿಳುಚಿ, ಆಮೇಲೆ ಕಂದು ತೊಗಲಾಗುತ್ತದೆ. ಆ ಕಲೆಯೂ ಹೋಗುವುದಿಲ್ಲ. ಬೆಳಗಿನ ಬಿಸಿಲಿಗೆ ಮೊದಲು ಒಂದು ಗಂಟೆ, ಹೀಗೆ ಏರಿಸುತ್ತಾ ಎರಡು ಮೂರು ವಾರ ತೆಗೆದುಕೊಳ್ಳಿ. ಹಳೆಯ ಗಿಡಗಳ ಬುಡ ತಾನಾಗಿಯೇ ಕಂದು ಬಣ್ಣಕ್ಕೆ ತಿರುಗುವುದುಂಟು, ಅದು ರೋಗವಲ್ಲ, ವಯಸ್ಸು. ಒತ್ತಿ ನೋಡಿ: ಗಟ್ಟಿಯಾಗಿದ್ದರೆ ತೊಗಟೆ, ಮೆತ್ತಗಿದ್ದರೆ ಕೊಳೆ.

ಮರಿ ಬಿಡಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಈ ಜಾತಿಯ ಮರಿಗಳು ತಾಯಿಗೆ ಅಂಟಿರುವುದು ತೀರಾ ಸಪೂರ ತೊಟ್ಟಿನಲ್ಲಿ. ಬಟ್ಟೆ ತಾಗಿದರೂ ಒಂದು ಉದುರುತ್ತದೆ. ನಾನು ಆರಿಸುವುದು ಒಂದೂವರೆ ಎರಡು ಸೆಂಟಿಮೀಟರ್ ದಪ್ಪವಾದವನ್ನು, ಬಟಾಣಿ ಗಾತ್ರದವು ಬೇರು ಬಿಡುವ ಮೊದಲೇ ಸೊರಗುತ್ತವೆ. ಚಿಮಟದ ತುದಿಗೆ ಸ್ಪಂಜಿನ ತುಂಡು ಸುತ್ತಿ, ಮರಿಯ ಸೊಂಟ ಹಿಡಿದು ಕಾಲು ಸುತ್ತು ತಿರುಗಿಸಿದರೆ ಮೆಲ್ಲಗೆ ‘ಟಿಕ್’ ಅನ್ನುತ್ತದೆ. ಎಳೆಯಬಾರದು, ಎಳೆದರೆ ತಾಯಿಯ ಮೈ ಹರಿಯುತ್ತದೆ. ಗಾಯ ಚಿಕ್ಕದು, ನಾಲ್ಕೈದು ದಿನದಲ್ಲಿ ಒಣಗುತ್ತದೆ. ಆಮೇಲೆ ಒಣ ಮಿಶ್ರಣದ ಮೇಲೆ ಸುಮ್ಮನೆ ಕೂರಿಸುತ್ತೇನೆ, ಹೂಳುವುದಿಲ್ಲ. ವಾಲದಂತೆ ಸುತ್ತ ನಾಲ್ಕು ಕಲ್ಲು. ಹತ್ತು ದಿನ ನೀರಿಲ್ಲ. ಆಮೇಲೆ ಕುಂಡದ ಅಂಚಿಗೆ ಮಾತ್ರ ಸ್ವಲ್ಪ. ಮೂರನೇ ವಾರದಲ್ಲಿ ಮರಿಯನ್ನು ಚಿಮಟದಿಂದ ಮೆತ್ತಗೆ ಅಲುಗಾಡಿಸಿದಾಗ ಅದು ಮಣ್ಣನ್ನು ಹಿಡಿದು ನಿಂತರೆ ಬೇರು ಬಿಟ್ಟಿದೆ ಎಂದರ್ಥ. ಬೇರು ಬರಿಸುವ ಪುಡಿಯನ್ನು ಒಂದೆರಡು ಸಲ ಹಚ್ಚಿ ನೋಡಿದೆ, ಈ ಗಿಡದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈಗೆ ಚುಚ್ಚಿಕೊಂಡ ಸಣ್ಣ ಮುಳ್ಳುಗಳಿಗೆ ಅಂಟುಟೇಪ್ ಒತ್ತಿ ಕಿತ್ತರೆ ಹೆಚ್ಚಿನವು ಬಂದುಬಿಡುತ್ತವೆ.

ಮರಿಯಿಂದ ಬಂದದ್ದು ತಾಯಿಯ ಪಡಿಯಚ್ಚು. ಬೀಜದಿಂದ ಬರುವುದು ಹೊಸ ಜೀವ, ಅದನ್ನು ಒಮ್ಮೆಯಾದರೂ ನೋಡಬೇಕೆಂದು ಆಸೆಯಿತ್ತು. ಪ್ರೊಲಿಫೆರಾದ ಹೂವು ಸಣ್ಣದು, ಮಾಸಲು ಹಳದಿ. ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ಎರಡನೇ ಗಿಡ ಬೇಕಿಲ್ಲ. ತಿಂಗಳುಗಳು ಕಳೆದ ಮೇಲೆ ಇದ್ದಕ್ಕಿದ್ದಂತೆ ಉಬ್ಬುಗಳ ಸಂದಿಯಿಂದ ಪುಟ್ಟ ಮೆಣಸಿನಕಾಯಿಯಂಥ ಕೆಂಪು ಹಣ್ಣು ಹೊರಗೆ ನೂಕಿಕೊಂಡು ಬರುತ್ತದೆ. ಹಿಂಡಿದರೆ ಒಳಗೆ ಗಸಗಸೆಯಷ್ಟು ಸಣ್ಣ ಕಪ್ಪು ಬೀಜ. ಮೊದಲ ಸಲ ತಿರುಳಿನ ಸಮೇತ ಬಿತ್ತಿದೆ, ಮಣ್ಣನ್ನೂ ಹಾಗೆಯೇ ಬಳಸಿದೆ. ಮೊಳಕೆ ಬಂದವು, ಎರಡು ವಾರದಲ್ಲಿ ಎಲ್ಲದರ ಮೇಲೂ ಬಿಳಿ ಬೂಷ್ಟಿನ ಬಲೆ. ಒಂದೂ ಉಳಿಯಲಿಲ್ಲ.

ಎರಡನೇ ಸಲ ಬೀಜವನ್ನು ಬಟ್ಟೆಯಲ್ಲಿ ಉಜ್ಜಿ ತೊಳೆದು ವಾರ ಒಣಗಿಸಿದೆ. ಸಣ್ಣ ಕಣದ ಮಿಶ್ರಣವನ್ನು ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಆರಿಸಿದೆ. ಕುಂಡವನ್ನು ಕುದಿಸಿ ಆರಿಸಿದ ನೀರಿನಲ್ಲಿ ಕೆಳಗಿನಿಂದ ನೆನೆಸಿ, ಬೀಜವನ್ನು ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಕುಂಡವನ್ನು ಜಿಪ್ ಕವರಿನಲ್ಲಿ ಇಟ್ಟು ಮುಚ್ಚಿಬಿಟ್ಟೆ. ಬೀಜಕ್ಕೆ ಬೆಳಕು ಬೇಕು, ನೇರ ಬಿಸಿಲು ಬಿದ್ದರೆ ಕವರಿನೊಳಗೆ ಬೆಂದುಹೋಗುತ್ತದೆ. ಉಷ್ಣಾಂಶ 20ರಿಂದ 30 ಡಿಗ್ರಿ ನಡುವೆ. ಏಳನೇ ದಿನ ಭೂತಗನ್ನಡಿಯಲ್ಲಿ ನೋಡಿದರೆ ಹಸಿರು ಮಣಿಗಳು, ಒಂದು ಮಿಲಿಮೀಟರ್ ಇದ್ದಾವು. ಇನ್ನೊಂದು ವಾರಕ್ಕೆ ಆ ಮಣಿಯ ನೆತ್ತಿಯಲ್ಲಿ ಬಿಳಿ ಮುಳ್ಳಿನ ಮೊದಲ ಗೊಂಚಲು, ರೋಮದಷ್ಟು ಮೃದು. ಬೆಳೆದ ಕಳ್ಳಿಗೆ ಯಾವುದು ಸಾವೋ ಆ ತೇವವೇ ಈ ಕೂಸುಗಳಿಗೆ ಬೇಕು, ಮೂರು ತಿಂಗಳು ಕವರನ್ನು ತೆರೆಯಲಿಲ್ಲ. ಆಮೇಲೆ ದಿನವೂ ಸ್ವಲ್ಪ ಸ್ವಲ್ಪ ಬಾಯಿ ತೆರೆದು ಗಾಳಿಗೆ ಒಗ್ಗಿಸಿದೆ. ಆರು ತಿಂಗಳಿಗೆ 5 ಮಿಲಿಮೀಟರ್. ನಲವತ್ತು ಮೊಳಕೆಗಳಲ್ಲಿ ಹದಿನೇಳು ಉಳಿದವು.

ಕೆಂಪು, ಹಳದಿ ಚೆಂಡನ್ನು ಹಸಿರು ಕಡ್ಡಿಯ ಮೇಲೆ ಇಟ್ಟಂಥ ಗಿಡವನ್ನು ನೀವೂ ನೋಡಿರುತ್ತೀರಿ. ಅದು ಜಿಮ್ನೊಕ್ಯಾಲಿಸಿಯಂ ಎಂಬ ಕಳ್ಳಿಯ, ಪತ್ರಹರಿತ್ತೇ ಇಲ್ಲದ ರೂಪ. ಸ್ವಂತವಾಗಿ ಆಹಾರ ಮಾಡಿಕೊಳ್ಳಲಾರದು. ಅದಕ್ಕೇ ಡ್ರ್ಯಾಗನ್ ಹಣ್ಣಿನ ಕಳ್ಳಿಯ ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ. ಅದರ ಕೆಂಪು ಮರಿಯನ್ನು ಕಿತ್ತು ಮಣ್ಣಿಗೆ ಹಾಕಿದರೆ ಎಂದೂ ಬೆಳೆಯುವುದಿಲ್ಲ, ಕಸಿಯೊಂದೇ ದಾರಿ. ನಾನು ಕಟ್ಟಿದ ನಾಲ್ಕರಲ್ಲಿ ಎರಡು ಹಿಡಿದವು. ಕೆಳಗಿನ ಕಾಂಡ, ಮೇಲೆ ಕೂರಿಸುವ ತಲೆ ಎರಡನ್ನೂ ಸಮತಟ್ಟಾಗಿ ಕೊಯ್ದು, ಕಾಂಡದ ಅಂಚನ್ನು ಪೆನ್ಸಿಲ್ ಚೂಪು ಮಾಡಿದಂತೆ ಓರೆಯಾಗಿ ಸವರಬೇಕು, ಇಲ್ಲದಿದ್ದರೆ ಒಣಗುವಾಗ ತಿರುಳು ಒಳಕ್ಕೆ ಕುಗ್ಗಿ ಮೇಲಿನ ತಲೆ ಬಿಟ್ಟುಕೊಳ್ಳುತ್ತದೆ. ಎರಡರ ನಾಳದ ಉಂಗುರಗಳು ಒಂದು ಕಡೆಯಾದರೂ ಒಂದರ ಮೇಲೊಂದು ಬರಬೇಕು. ಉಂಗುರಗಳ ಗಾತ್ರ ಬೇರೆಯಾದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ಇಡುವುದೇ ಮೇಲು. ಇಲ್ಲಿ ಮಾತ್ರ ಗಾಯ ಒಣಗಲು ಬಿಡುವ ಹಾಗಿಲ್ಲ, ಹಸಿಯಾಗಿರುವಾಗಲೇ ಒತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹತ್ತು ದಿನ ನೆರಳಲ್ಲಿ ಇಡಬೇಕು.

ಕೀಟಗಳಲ್ಲಿ ನನ್ನನ್ನು ಕಾಡಿದ್ದು ಹಿಟ್ಟು ತಿಗಣೆ. ಮುಳ್ಳಿನ ಬಿಳುಪಿನಲ್ಲಿ ಅದರ ಹತ್ತಿಯಂಥ ಗೂಡು ಕಾಣುವುದೇ ಇಲ್ಲ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಸಂದಿಗಳನ್ನು ನೋಡುವುದು ಅಭ್ಯಾಸವಾಗಿದೆ. ಕಂಡಲ್ಲಿ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಣ್ಣ ಕುಂಚದಿಂದ ಮುಟ್ಟಿಸುತ್ತೇನೆ, ಸಂಜೆಯ ಹೊತ್ತು, ಮರುದಿನ ಬಿಸಿಲಿಗೆ ಇಡದೆ. ಮೊಟ್ಟೆ ಒಡೆದು ಮತ್ತೆ ಬರುವುದರಿಂದ ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಮಾಡಬೇಕು. ಕಾರಣವಿಲ್ಲದೆ ಗಿಡ ಸೊರಗಿದರೆ ಕುಂಡದಿಂದ ತೆಗೆದು ನೋಡಿ, ಬೇರಿನಲ್ಲಿ ಬಿಳಿ ಪುಡಿ ಕಂಡರೆ ಅಲ್ಲೂ ಅದೇ ತಿಗಣೆಯ ಜಾತಿ. ಬೇರನ್ನು ಪೂರ್ತಿ ತೊಳೆದು, ವಾರ ಒಣಗಿಸಿ, ಹೊಸ ಮಣ್ಣಿಗೆ ಹಾಕಿ, ಇನ್ನೊಂದು ವಾರ ಬಿಟ್ಟು ನೀರು.

ಬೀಜದ ಹದಿನೇಳರಲ್ಲಿ ಒಂದು ಈ ವರ್ಷ, ಮೂರನೇ ವರ್ಷಕ್ಕೆ, ಮೊದಲ ಬಾರಿ ಹೂ ಬಿಟ್ಟಿತು. ಮಾಸಲು ಹಳದಿಯ ಎರಡೇ ಎರಡು ಹೂವು, ಬಿಸಿಲೇರಿದಾಗ ಅರಳಿ ಸಂಜೆಗೆ ಮುಚ್ಚಿಕೊಂಡವು. ಮರುದಿನ ಮತ್ತೆ ಅರಳಿದವು. ಆರು ವರ್ಷದ ಹಿಂದೆ ಲೋಟದ ಮೇಲೆ ಕೂತಿದ್ದ ನೆತ್ತಿ ಈಗ ಹದಿನಾಲ್ಕು ತಲೆಯ ಗುಂಪು. ಮೊನ್ನೆ ಅದರಿಂದ ಮೂರು ಮರಿ ಬಿಡಿಸಿದ್ದೇನೆ. ಕಾಗದದ ಮೇಲೆ, ಕಿಟಕಿಯ ಈಚೆ ನೆರಳಲ್ಲಿ ಒಣಗುತ್ತಿವೆ. ಇನ್ನೂ ಎರಡು ದಿನ ಬೇಕು.